ಉಂಗುರದ ಮುಂದೆ ಬರೆದ ಮಾತು

ಎಲಿಕೆಮ್ ಮಣ್ಣಾಗಿ ನಾಲ್ಕು ತಿಂಗಳಾಗಿದ್ದರೂ ಅವನ ಹಾಡಿನ ಪುಸ್ತಕವನ್ನು ತೆರೆಯುವ ಧೈರ್ಯ ಅವನ ತಂದೆ ಫಿಲೆಮೋನರಿಗೆ ಬಂದಿರಲಿಲ್ಲ. ಹೊಟ್ಟೆನೋವೆಂದು ಮಲಗಿದ ಮಗ ಮೂರನೆಯ ದಿನ ಏಳಲಿಲ್ಲ. ಕೊಟ್ಟವನು ಕರ್ತನು, ತೆಗೆದುಕೊಂಡವನೂ ಕರ್ತನೇ ಎಂದು ಬಾಯಿ ಹೇಳುತ್ತಿತ್ತು. ಕೈ ಮಾತ್ರ ಮಗನ ಪುಸ್ತಕದ ಹತ್ತಿರ ಹೋಗಿ ಹಿಂದಕ್ಕೆ ಬರುತ್ತಿತ್ತು.

ಆ ಸೋಮವಾರ ಬೆಳಗ್ಗೆ ಬೇರೆ ದಾರಿಯಿರಲಿಲ್ಲ. ಅವರ ಸ್ವಂತ ಪುಸ್ತಕದ ಹೊಲಿಗೆ ಬಿಚ್ಚಿ ಹಾಳೆಗಳು ಉದುರತೊಡಗಿದ್ದವು. ಮಗನದನ್ನು ತೆಗೆದು, ಕಣ್ಣು ಮುಚ್ಚಿ ಒಂದು ಕ್ಷಣ ಎದೆಗೊತ್ತಿಕೊಂಡು, ಬಿಡಿಸಿದರು. ಒಳಗಿನಿಂದ ನಾಲ್ಕು ಮಡಿಕೆಯ ಒಂದು ಚೀಟಿ ಮಡಿಲಿಗೆ ಬಿತ್ತು. ಮಗನ ಕೈಬರಹ, ಇಂಗ್ಲಿಷಿನಲ್ಲಿ, ಸೀಸದ ಕಡ್ಡಿಯದು. ಮೇಲೆ 'ಮದುವೆ' ಎಂದು ಬರೆದು ಕೆಳಗೆ ಒಂದು ಪಟ್ಟಿ:

ಬಟ್ಟೆ: ಕೊಂಡದ್ದು.
ಕುರ್ಚಿ ಮೂವತ್ತು: ಬಾಡಿಗೆ.
ಉಂಗುರ: ಫ್ಯಾಬ್ರಿಕೇಟೆಡ್.
ಸಾಕ್ಷಿ: ಡೋಟ್ಸೆ.

ಫಿಲೆಮೋನರು ಮೂರನೆಯ ಸಾಲಿನಲ್ಲಿ ನಿಂತುಬಿಟ್ಟರು.

ಅವರು ಮೂವತ್ತನಾಲ್ಕು ವರ್ಷ ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ ದುಭಾಷಿಯಾಗಿದ್ದವರು. ಕಟಕಟೆಯ ಪಕ್ಕದಲ್ಲಿ ನಿಂತು ಎವೆ ಭಾಷೆಯ ಮಾತನ್ನು ಇಂಗ್ಲಿಷಿಗೂ ಇಂಗ್ಲಿಷಿನದನ್ನು ಎವೆಗೂ ತಿರುಗಿಸುವುದು ಅವರ ಕೆಲಸ. ಅವರು ತಿರುಗಿಸಿದ ಒಂದು ಮಾತನ್ನೂ ಯಾವ ಮ್ಯಾಜಿಸ್ಟ್ರೇಟರೂ ತಪ್ಪೆಂದು ಹೊಡೆದುಹಾಕಿರಲಿಲ್ಲ. ಇದನ್ನು ಅವರೇ ಹೇಳಿಕೊಳ್ಳುತ್ತಿದ್ದರು, ಊರೂ ಹೇಳುತ್ತಿತ್ತು. ಈ ಒಂದು ಪದವನ್ನು ಎಷ್ಟು ಸಾವಿರ ಸಲ ತಿರುಗಿಸಿದ್ದರೋ! ವಕೀಲರು ಎದ್ದು ನಿಂತು ಕರಿ ಅಂಗಿಯ ತೋಳು ಬೀಸಿ, "ಸ್ವಾಮಿ, ಈ ರಶೀದಿ ಫ್ಯಾಬ್ರಿಕೇಟೆಡ್," "ಈ ಸಾಕ್ಷಿ ಫ್ಯಾಬ್ರಿಕೇಟೆಡ್," ಎನ್ನುವರು. ಫಿಲೆಮೋನರು ಆರೋಪಿಯ ಕಡೆ ತಿರುಗಿ, "ಇದು ಕಟ್ಟುಕತೆ ಅಂತಾರೆ," ಎನ್ನುವರು. ಈಗಲೂ ಆ ಪದ ಕಿವಿಗೆ ಬಿದ್ದರೆ ಅವರ ಮೂಗಿಗೆ ಕಟಕಟೆಯ ಹಳೆಯ ಮರದ ವಾಸನೆ ಬರುತ್ತಿತ್ತು.

ಅವರ ಊರಾದ ಅವೇಮೆಯಲ್ಲಿ ಉಂಗುರವೆಂದರೆ ಬೆರಳಿನ ಒಡವೆಯಷ್ಟೇ ಅಲ್ಲ. 'ಅವಳಿಗೆ ಉಂಗುರವಾಗಿದೆಯೆ?' ಎಂದು ಕೇಳಿದರೆ ಸಭೆಯ ಪಾದ್ರಿಯಾದ ಓಸೋಫೋ ಎದುರಿಗೆ, ಕರ್ತನ ಹೆಸರಿನಲ್ಲಿ ಮದುವೆಯಾಗಿದೆಯೆ ಎಂದು ಅರ್ಥ. ಮನೆಯವರು ಹೆಂಡ ಎರೆದು ಮಾಡುವ ಮದುವೆ ಬೇರೆ, ಉಂಗುರ ಬೇರೆ. ಎಲಿಕೆಮ್ ಆರು ವರ್ಷದ ಹಿಂದೆ ತೇಮಾ ಬಂದರಿನಲ್ಲಿ ಕೆಲಸಕ್ಕಿದ್ದಾಗ, ತಾಯಿ ಹಾಸಿಗೆ ಹಿಡಿದಿದ್ದ ಕಾಲದಲ್ಲಿ, "ಇಲ್ಲಿಯ ಸಭೆಯಲ್ಲಿ ಉಂಗುರವಾಯಿತು, ನಿಮ್ಮ ಆಶೀರ್ವಾದ ಬೇಕು," ಎಂದು ಹೇಳಿಕಳಿಸಿದ್ದ. ಆಮೇಲೆ ಕರೆತಂದ ಹೆಂಡತಿಯ ಹೆಸರು ಮಾವುಸಿ, ಕಡಲ ಕಡೆಯವಳು. ಮದುವೆಯ ಕಾಗದ ತೇಮಾದ ಬಾಡಿಗೆ ಕೋಣೆಗೆ ನೀರು ನುಗ್ಗಿದಾಗ ಹೋಯಿತೆಂದಿದ್ದ. ಉಳಿದದ್ದು ಒಂದೇ ಫೋಟೋ. ಅದರಲ್ಲಿ ಗಂಡಹೆಂಡಿರು ಒಂದು ಗೋಡೆಯ ಮುಂದೆ ನಿಂತಿದ್ದರು; ಓಸೋಫೋ ಇರಲಿಲ್ಲ.

ಉಂಗುರ: ಕಟ್ಟುಕತೆ. ಹಾಗಾದರೆ ಕುರ್ಚಿಯಂತೆ ಸಾಕ್ಷಿಯೂ ಬಾಡಿಗೆಯದೋ?

"ಏನು ಎಫೋ, ದೆವ್ವ ಕಂಡೋರ ಹಾಗೆ ಕೂತಿದೀಯ?"

ಅಣ್ಣನನ್ನು ಎಫೋ ಎಂದು ಕರೆಯುತ್ತ ಬಾಗಿಲಲ್ಲಿ ನಿಂತಿದ್ದವಳು ತಂಗಿ ಅಫಿ. ಊರಿನ ಮಕ್ಕಳಿಗೆಲ್ಲ ಸೋದರತ್ತೆ, ತಾಸಿ ಅಫಿ. ತಲೆಯ ಮೇಲಿನ ಗೆಣಸಿನ ಬುಟ್ಟಿಯನ್ನು ಇಳಿಸುವ ಮೊದಲೇ ಅವಳ ಕಣ್ಣು ಚೀಟಿಯ ಮೇಲೆ ಬಿದ್ದಿತ್ತು.

"ಎಲಿಕೆಮ್ ಬರೆದದ್ದು."

"ಏನಂತ?"

ಅಲ್ಲಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಎದುರಿಗಿದ್ದವರು 'ಏನಂತ?' ಎಂದರೆ ಇದ್ದದ್ದನ್ನು ಇದ್ದಂತೆ ತಿರುಗಿಸಿ ಹೇಳುವುದು ಮೂವತ್ತನಾಲ್ಕು ವರ್ಷದ ಅಭ್ಯಾಸ. "ಉಂಗುರ ಕಟ್ಟುಕತೆ ಅಂತ," ಎಂದರು.

ಅಫಿ ಬುಟ್ಟಿಯನ್ನು ನೆಲಕ್ಕಿಟ್ಟಳು. "ನಾನು ಬಡ್ಕೊಳ್ಲಿಲ್ವಾ? ಅವಳ ಬೆರಳು ನೋಡಿದ ದಿನವೇ ಬಡ್ಕೊಂಡೆ. ಬಿಳಿ ಚಿನ್ನವಂತೆ ಬಿಳಿ ಚಿನ್ನ! ಬಿಳಿ ಕಾಗೆ ಇದ್ದ ಹಾಗೆ! ಎಪ್ಪತ್ತು ವರ್ಷ ಬದುಕಿದೀನಿ, ಚಿನ್ನ ಹಳದಿ ಬಿಟ್ಟು ಬೇರೆ ಬಣ್ಣ ಹಚ್ಕೊಂಡಿದ್ದು ನೋಡಿಲ್ಲ."

"ಸುಮ್ನಿರು ಅಫಿ. ಹೊರಗೆ ಅವಳಿದಾಳೆ."

"ಇರಲಿ ಬಿಡು. ಸತ್ತವನೇ ಸಾಕ್ಷಿ ಹೇಳಿದಾನೆ."

ಅಂದಿನಿಂದ ಫಿಲೆಮೋನರ ಕಣ್ಣು ಬದಲಾಯಿತು. ಸೊಸೆ ಸಂತೆಗೆ ಹೊರಟರೆ ಯಾರನ್ನು ಕಾಣಲು ಎಂದುಕೊಳ್ಳುವರು. ಹೊರಡದೆ ಮನೆಯಲ್ಲೇ ಉಳಿದರೆ ಯಾರು ಬೇಡವೆಂದರು ಎಂದುಕೊಳ್ಳುವರು. ಪ್ರಾರ್ಥನೆಯಲ್ಲಿ ಅವಳು ಅತ್ತರೆ ನಟನೆಯೋ ಎನ್ನಿಸುವುದು, ಅಳದಿದ್ದರೆ ಕಲ್ಲು ಮನಸ್ಸೋ ಎನ್ನಿಸುವುದು. ಮೊಮ್ಮಗಳು ಯಾಯ್ರಾ, ನಾಲ್ಕು ವರ್ಷದವಳು, ತೊಡೆ ಏರಿ ಕೂತರೆ ಅವಳ ಮುಖದಲ್ಲಿ ಮಗನ ಮೂಗನ್ನು ಹುಡುಕಿ, ಸಿಕ್ಕಿದ ಮೇಲೆ, ಹುಡುಕಿದ್ದಕ್ಕೆ ನಾಚಿಕೊಳ್ಳುವರು. 'ಕರ್ತನೇ, ಈ ಕಣ್ಣಿನಿಂದ ನನ್ನನ್ನು ಬಿಡಿಸು' ಎಂದು ಮೊರೆಯಿಡುವರು. ಎದ್ದ ಕೂಡಲೇ ಅದೇ ಕಣ್ಣು.

ಮಂಗಳವಾರ ಮಧ್ಯಾಹ್ನ ಮಾವುಸಿ ಊಟಕ್ಕಿಟ್ಟಳು. ಜೋಳದ ಆಕ್ಪ್ಲೆ ಮುದ್ದೆ, ಒಣಮೀನು ಹಾಕಿದ ಬೆಂಡೆಕಾಯಿ ಸಾರು. ಫಿಲೆಮೋನರು ವಕೀಲರು ಮಾಡುತ್ತಿದ್ದಂತೆ ದೂರದಿಂದ ಶುರುಮಾಡಿದರು.

"ನಿಮ್ಮ ಮದುವೆ ದಿನ ಮಳೆ ಬಂತೇನಮ್ಮಾ?"

"ಮಳೆಯಾ? ಇಲ್ಲ ಫೋಫೋ. ಚೆನ್ನಾಗಿ ಬಿಸಿಲಿತ್ತು." ಗಂಡನಂತೆ ಅವಳೂ ಅವರನ್ನು ಫೋಫೋ, ಅಪ್ಪ, ಎಂದೇ ಕರೆಯುತ್ತಿದ್ದಳು.

"ಓಸೋಫೋ ಯಾರು?"

"ಓಸೋಫೋ ಅಮೆನ್ಯೋ ಅಂತ. ಬಂದರಿನ ಕೂಲಿಗಳ ಸಭೆ ಅದು, ತಗಡಿನ ಶೆಡ್ಡು. ರಸ್ತೆ ಅಗಲ ಮಾಡ್ದಾಗ ಕಿತ್ತುಹಾಕಿದ್ರು. ಅವರು ಆಮೇಲೆ ಎಲ್ಲಿಗೆ ಹೋದ್ರೋ."

ಎಲ್ಲವೂ ಕೈಗೆ ಸಿಕ್ಕದಷ್ಟು ದೂರ ಎಂದುಕೊಂಡರು. ಕಾಗದ ನೀರಿಗೆ ಹೋಯಿತು, ಶೆಡ್ಡು ರಸ್ತೆಗೆ ಹೋಯಿತು, ಓಸೋಫೋ ಎಲ್ಲಿಗೋ ಹೋದರು. ಕೋರ್ಟಿನಲ್ಲಿ ಇಂಥ ಸಾಕ್ಷಿಗಳನ್ನು ಎಷ್ಟು ನೋಡಿರಲಿಲ್ಲ!

"ಉಂಗುರ ಯಾವ ಅಂಗಡೀಲಿ ತಗೊಂಡ್ರಿ?"

ಮಾವುಸಿಯ ಕೈಯ ಸೌಟು ನಿಂತಿತು. "ಅವರೇ ತಂದ್ರು."

"ಅಂಗಡಿ?"

"ನಂಗೊತ್ತಿಲ್ಲ ಫೋಫೋ... ಸಾರು ಇನ್ನಷ್ಟು ಹಾಕ್ಲಾ?"

ಬಲಗೈಯಲ್ಲಿ ಬಡಿಸಿದಳು. ಉಂಗುರವಿದ್ದ ಎಡಗೈ ಸೊಂಟದ ಬಟ್ಟೆಯ ಹಿಂದೆ ಇತ್ತು. ಎಡಗೈಯನ್ನು ಊಟದ ಮುಂದೆ ತರುವುದು ಮರ್ಯಾದೆಯಲ್ಲ, ಅದು ಹಿಂದಿರುವುದೇ ಸರಿ. ಆದರೆ ಅಂದು ಆ ಕೈ ಮರ್ಯಾದೆಗಾಗಿ ಅಡಗಿದೆಯೋ ಉಂಗುರಕ್ಕಾಗಿಯೋ ಎಂದು ಯೋಚಿಸುತ್ತ ಅವರು ತುತ್ತನ್ನು ನುಂಗಲು ಮರೆತರು.

ಸಂಜೆಯ ಹೊತ್ತಿಗೆ ಸಭೆಯ ಕಾರ್ಯದರ್ಶಿ ಮನೆಗೆ ಬಂದರು. ಅಫಿ ನೀರಿನ ಕೊಳಾಯಿಯ ಹತ್ತಿರ ಬಾಯಿಬಿಟ್ಟಿದ್ದಳು. ಅಲ್ಲಿ ಬಿಟ್ಟ ಮಾತು ಕೊಡ ತುಂಬುವ ಮೊದಲೇ ಊರು ಸುತ್ತುತ್ತದೆ. ಬರುವ ಭಾನುವಾರ ಸಭೆಯಲ್ಲಿ ಆ ವರ್ಷ ತೀರಿಕೊಂಡವರ ಹೆಸರನ್ನೂ ಉಂಗುರವಾದ ಅವರ ವಿಧವೆಯರ ಹೆಸರನ್ನೂ ಓದುವುದಿತ್ತು. ಹೆಸರು ಓದಿಸಿಕೊಂಡವಳು ಕರ್ತನ ಭೋಜನಕ್ಕೆ ಮುಂದೆ ಬರುತ್ತಾಳೆ. ಗಂಡನ ಮನೆಯಲ್ಲಿ ಅವಳ ಚಾಪೆಯನ್ನು ಯಾರೂ ಸುತ್ತುವಂತಿಲ್ಲ. ಓದದಿದ್ದರೆ ಅವಳು ತನ್ನವರ ಕಡೆಗೆ ಹಿಂತಿರುಗಬೇಕು. ಮಗು ಮಾತ್ರ ಮನೆತನದ್ದು.

"ಗುರುವಾರ ಮಧ್ಯಾಹ್ನ ಹಿರಿಯರು ಸೇರ್ತಾರೆ, ತೋಗ್ಬೆ," ಎಂದರು ಕಾರ್ಯದರ್ಶಿ, ತಮ್ಮ ಕಾಲಿನ ಮೇಲೆ ಕಣ್ಣಿಟ್ಟು. ವಯಸ್ಸಾದವರನ್ನು ಅಜ್ಜ ಎಂಬಂತೆ ತೋಗ್ಬೆ ಎಂದು ಕರೆಯುವುದು ಅಲ್ಲಿಯ ಮರ್ಯಾದೆ. "ಆ ಚೀಟಿ ತನ್ನಿ. ತಿರುಗಿಸಿ ಹೇಳೋದಕ್ಕೂ ನೀವೇ ಬೇಕು. ನಿಮ್ಮ ಇಂಗ್ಲಿಷಿನ ಮೇಲೆ ಮಾತಾಡೋರು ನಮ್ಮಲ್ಲಿ ಯಾರಿದಾರೆ?"

ಬೇಲಿಯ ಆಚೆ ಪಾತ್ರೆ ಉಜ್ಜುತ್ತಿದ್ದ ಮಾವುಸಿಯ ಕೈ ನಿಂತದ್ದು ಫಿಲೆಮೋನರಿಗೆ ಕೇಳಿಸಿತು.

ಸಾಕ್ಷಿ ಡೋಟ್ಸೆ ಇನ್ನೂ ಬದುಕಿದ್ದ. ತೇಮಾದಿಂದ ಎಲಿಕೆಮ್ ಜೊತೆಯಲ್ಲೇ ಬಂದು, ಹೊಹೊಯೆ ಪೇಟೆಯಲ್ಲಿ ಇಬ್ಬರೂ ಸೇರಿ ಕಬ್ಬಿಣದ ಕೆಲಸದ ಶೆಡ್ಡು ಹಾಕಿದ್ದರು. ಬುಧವಾರ ಫಿಲೆಮೋನರು ತ್ರೋತ್ರೋ ವ್ಯಾನು ಹತ್ತಿ ಅಲ್ಲಿಗೆ ಹೋದರು. ಆ ಶೆಡ್ಡಿಗೆ ಅವರು ಹಿಂದೆ ಒಂದೇ ಸಲ ಬಂದಿದ್ದರು, ಬಾಗಿಲು ತೆರೆದ ದಿನ ಪ್ರಾರ್ಥನೆ ಮಾಡಲು. ಮಗ ಕೋರ್ಟಿನಲ್ಲಿ ಗುಮಾಸ್ತನಾಗಬೇಕೆಂದು ಅವರಿಗಿತ್ತು. 'ನಮ್ಮವನು ಕಬ್ಬಿಣ ಬಡಿಯೋಕೆ ಹೋದ' ಎಂದು ಕೇಳಿದವರಿಗೆ ಹೇಳಿ ಮಾತು ಮುಗಿಸುತ್ತಿದ್ದರು.

ಡೋಟ್ಸೆ ಕಪ್ಪು ಕನ್ನಡಕವನ್ನು ಹಣೆಗೇರಿಸಿ ಓಡಿಬಂದು ಎರಡೂ ಕೈಯಲ್ಲಿ ಅವರ ಕೈ ಹಿಡಿದ. "ತೋಗ್ಬೆ! ಹೇಳಿಕಳಿಸಿದ್ರೆ ನಾನೇ ಬರ್ತಿದ್ನಲ್ಲ. ಕೂತ್ಕೊಳ್ಳಿ. ಆ ಸ್ಟೂಲು ಬೇಡ, ಬಿಸಿಯಾಗಿದೆ. ಇದರ ಮೇಲೆ."

ಫಿಲೆಮೋನರು ನೀರು ಕುಡಿದರು. ಕುಶಲ ಕೇಳಿದರು. ಆಮೇಲೆ ಮೆಲ್ಲಗೆ ಕೇಳಿದರು: "ಎಲಿಕೆಮ್ ಮದುವೆ ದಿನ ಮಳೆ ಬಂತೇನಪ್ಪ?"

"ಮಳೆ? ಅಯ್ಯೋ ಜೋರಾಗಿ ಬಂತು! ಚರಂಡಿ ತುಂಬಿ ಹರೀತು."

ಫಿಲೆಮೋನರ ಬೆನ್ನು ನೆಟ್ಟಗಾಯಿತು. ಅವಳು ಬಿಸಿಲೆಂದಳು, ಇವನು ಮಳೆಯೆನ್ನುತ್ತಾನೆ. ಪಾಠ ಹೇಳಿಕೊಟ್ಟವನು ಒಬ್ಬನೇ, ಓದಿಕೊಂಡವರು ಸರಿಯಾಗಿ ಓದಿಕೊಂಡಿಲ್ಲ. "ಅವಳು ಬಿಸಿಲು ಅಂದ್ಲಲ್ಲ?"

"ಬಂದದ್ದು ನಸುಕಿನಲ್ಲಿ, ತೋಗ್ಬೆ. ಕುರ್ಚಿ ಸಾಗಿಸಿದೋನು ನಾನು, ನೆನೆದೋನು ನಾನು. ಮದುಮಗಳು ಎದ್ದು ಸಿಂಗಾರ ಮುಗಿಸೋ ಹೊತ್ತಿಗೆ ಬಿಸಿಲು ಹೊಡೀತಿತ್ತು. ಅವಳಿಗೇನು ಗೊತ್ತು!"

ಇದಕ್ಕೂ ಉತ್ತರವಿದೆ ಎಂದುಕೊಂಡರು ಫಿಲೆಮೋನರು. ತಡಮಾಡದೆ ಮುಂದಿನದಕ್ಕೆ ಹೋದರು. "ಉಂಗುರ?"

ಡೋಟ್ಸೆಯ ನಗು ನಿಂತಿತು. ಕೈಗಂಟಿದ ಮಸಿಯನ್ನು ಚಡ್ಡಿಗೆ ಒರೆಸಿಕೊಂಡು ಬೇರೆ ಕಡೆ ನೋಡಿದ. "ಅದೊಂದು ಕೇಳಬೇಡಿ. ಎಲಿಕೆಮ್ ನನ್ನಿಂದ ಆಣೆ ಮಾಡಿಸ್ಕೊಂಡಿದಾನೆ. ಅವಳ ಹತ್ರಾನೂ."

ಸಿಕ್ಕಿತು. ಹಾಗೆಂದದ್ದು ಒಳಗೆ ಕೂತ ಕೋರ್ಟಿನ ಅಭ್ಯಾಸ. ಫಿಲೆಮೋನರು ಚೀಟಿಯನ್ನು ತೆಗೆದು ಅವನ ಕೈಯಲ್ಲಿಟ್ಟರು. "ಸತ್ತವನಿಗೆ ಕೊಟ್ಟ ಆಣೆ ನಿಂಗೆ ದೊಡ್ಡದಿರಬಹುದು. ನಾಳೆ ಬದುಕಿರೋಳ ಮಾನ ಹಿರಿಯರ ಮುಂದೆ ಹೋಗ್ತಿದೆ. ಓದು. ಮೂರನೇ ಸಾಲು ಓದು."

ಡೋಟ್ಸೆ ಓದಿದ. ಇನ್ನೊಂದು ಸಲ ಓದಿದ. "ಸರಿಯಾಗೇ ಬರೆದಿದಾನಲ್ಲ," ಎಂದ. "ಉಂಗುರ, ಫ್ಯಾಬ್ರಿಕೇಟೆಡ್."

"ಹಾಗಾದ್ರೆ ಒಪ್ಕೋತೀಯಾ?"

"ಒಪ್ಕೊಳ್ಳೋದೇನು ತೋಗ್ಬೆ? ನನ್ನ ಕಣ್ಣೆದುರಿಗೇ ಫ್ಯಾಬ್ರಿಕೇಟ್ ಮಾಡ್ದ. ಎರಡು ದಿನ ಹಿಡೀತು. ನಾನೇ ಹಿಡ್ಕೊಂಡಿದ್ದೆ."

"ಹಿಡ್ಕೊಂಡಿದ್ದೆಯಾ! ಏನನ್ನ?"

"ಇಕ್ಕಳಾನ."

ಫಿಲೆಮೋನರು ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ನೋಡಿದರು.

ಅವರ ಮುಖ ನೋಡಿ ಡೋಟ್ಸೆಗೂ ದಿಗಿಲಾಯಿತು. "ನೀವೇನು ಅಂದ್ಕೊಂಡ್ರಿ?" ಎಂದವನು ಎದ್ದು ಶೆಡ್ಡಿನ ಬಾಗಿಲಿಗೆ ಹೋಗಿ ಮೇಲಿದ್ದ ಹಲಗೆಗೆ ಕೈ ತೋರಿಸಿದ. 'ಕರ್ತನೇ ನನ್ನ ಬಂಡೆ. ವೆಲ್ಡಿಂಗ್ ಮತ್ತು ಫ್ಯಾಬ್ರಿಕೇಶನ್.' ಅವರು ಪ್ರಾರ್ಥನೆ ಮಾಡಿದ ದಿನ ಹಲಗೆ ಇನ್ನೂ ಬರೆದಿರಲಿಲ್ಲ. "ಇಲ್ಲಿ ನೋಡಿ. ಈ ಗೇಟು ಫ್ಯಾಬ್ರಿಕೇಟೆಡ್. ಅದರ ಕೀಲು ಕೊಂಡದ್ದು. ಆ ಮರಗೆಣಸಿನ ಹಿಟ್ಟು ಹಿಂಡೋ ಯಂತ್ರ ಫ್ಯಾಬ್ರಿಕೇಟೆಡ್, ತಿರುಪು ಕೊಂಡದ್ದು. ಅಂಗಡಿಯಿಂದ ತಂದದ್ದಕ್ಕೆ ಕೊಂಡದ್ದು ಅಂತ ಬರೀತೀವಿ. ಕೈಯಾರೆ ಮಾಡಿದ್ದಕ್ಕೆ ಫ್ಯಾಬ್ರಿಕೇಟೆಡ್ ಅಂತ ಬರೀತೀವಿ. ಗಿರಾಕಿಗಳೂ ಹಾಗೇ ಕೇಳ್ತಾರೆ. ಇದಕ್ಕೆ ಬೇರೆ ಅರ್ಥ ಇದೆಯಾ?"

ಫಿಲೆಮೋನರು ಹಲಗೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು.

"ಹಡಗಿನ ಪಂಪಿನದು ಒಂದು ಕೊಳವೆ, ತುಕ್ಕು ಹಿಡಿಯದ ಉಕ್ಕು," ಎಂದು ಡೋಟ್ಸೆ ಮುಂದುವರಿಸಿದ. ಆಣೆ ಒಂದು ಸಲ ಮುರಿದ ಮೇಲೆ ಮಾತು ತಾನಾಗಿ ಹರಿಯಿತು. "ಅದರಿಂದ ಬೆರಳಿನ ಅಳತೆಯ ಒಂದು ಸುತ್ತು ಕೊಯ್ದು, ಅರ ಹಾಕಿ, ಬೂದಿಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಬಿಟ್ಟ. ಓಸೋಫೋ ಕೈಗೆ ತಗೊಂಡು, 'ಯಾವ ಅಂಗಡಿದಪ್ಪ ಇದು, ಇಷ್ಟು ತೂಕ?' ಅಂದ್ರು. 'ನನ್ನ ಅಂಗಡಿದು' ಅಂದ. ಅವರೂ ನಕ್ಕರು, ಆಶೀರ್ವಾದ ಮಾಡಿ ತೊಡಿಸಿದ್ರು. ಸಭೆಯೆಲ್ಲ ನೋಡ್ತು."

"ಹಾಗಿದ್ರೆ ಆಣೆ ಯಾಕೆ? ಮುಚ್ಚಿಡೋದು ಯಾಕೆ?"

ಡೋಟ್ಸೆ ತಲೆ ಕೆರೆದುಕೊಂಡ. "ನಿಮಗೆ ಅವನು ಚಿನ್ನ ಅಂತ ಹೇಳಿಬಿಟ್ಟಿದ್ನಲ್ಲ. ಬಿಳಿ ಚಿನ್ನ, ಹಡಗಿನ ಕಪ್ತಾನರು ಹಾಕ್ಕೊಳ್ಳೋದು ಅಂತ. ನೀವು ಮೊದಲನೇ ಸಂಬಳದಲ್ಲಿ ಅವನ ತಾಯಿಗೆ ಚಿನ್ನದ ಉಂಗುರ ತಂದಿದ್ರಂತಲ್ಲ. ಪ್ರತಿ ಕ್ರಿಸ್ಮಸ್ಸಿಗೂ ಆ ಕತೆ ಹೇಳ್ತಿದ್ರಂತೆ. 'ಆ ಕತೆ ಕೇಳಿದ ಕಿವಿಗೆ ಪಂಪಿನ ಕೊಳವೆ ಅಂತ ಹ್ಯಾಗೆ ಹೇಳ್ಲೋ' ಅಂದ."

ಮರಳುವ ವ್ಯಾನಿನಲ್ಲಿ ಫಿಲೆಮೋನರು ಕಿಟಕಿಯ ಪಕ್ಕ ಕೂತರು. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಡೋಟ್ಸೆ ಸುಳ್ಳು ಹೇಳಿರಬಹುದೆಂದು ಒಮ್ಮೆ ತಿರುವಿ ನೋಡಿದರು. ಇಕ್ಕಳದ ಮಾತನ್ನು ಯಾವ ಸುಳ್ಳುಗಾರನೂ ಹಾಗೆ ಥಟ್ಟನೆ ಹುಟ್ಟಿಸಲಾರ. ಕಟಕಟೆಯ ಪಕ್ಕ ನಿಂತ ಕಿವಿಗೆ ಅಷ್ಟು ತಿಳಿಯುತ್ತಿತ್ತು. ಹಾಗಾದರೆ ಉಂಗುರ ನಿಜ. ಮಗ ಅಪ್ಪನಿಗೆ ಸುಳ್ಳು ಹೇಳಿದ್ದೂ ನಿಜ. ಒಂದೇ ಪದದ ಎರಡು ಅರ್ಥವನ್ನೂ ಹುಡುಗ ಮಾಡಿ ತೋರಿಸಿ ಹೋಗಿದ್ದ. ಮತ್ತು ಆ ಪದವನ್ನು ಅಫಿಯ ಕೈಗೆ ಕೊಟ್ಟವರು, ಊರ ಕೊಳಾಯಿಗೆ ಕಳಿಸಿದವರು, ಬೇರೆ ಯಾರೂ ಅಲ್ಲ. ನಾಳೆ ಹಿರಿಯರ ಮುಂದೆ ನಿಂತು 'ನಾನು ತಪ್ಪಾಗಿ ತಿರುಗಿಸಿದೆ' ಎನ್ನಬೇಕು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಹೇಳದ ಮಾತು.

ಹೇಳದಿದ್ದರೂ ನಡೆಯುತ್ತಿತ್ತು. ಇಂಗ್ಲಿಷ್ ಬಲ್ಲವರು ಅವೇಮೆಯಲ್ಲಿ ಬೇರೆ ಇದ್ದರೂ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಸುಮ್ಮನಿದ್ದರೆ ಸೊಸೆ ಹೋಗುತ್ತಾಳೆ, ಹೆಸರು ಉಳಿಯುತ್ತದೆ. ಈ ಆಲೋಚನೆ ಬಂದದ್ದನ್ನು ಕಂಡು ಅವರು ಬೆಚ್ಚಿದರು. ಎರಡು ದಿನದಿಂದ ಎಲ್ಲರನ್ನೂ ಸಂಶಯದಿಂದ ನೋಡಿದ ಕಣ್ಣು ಈಗ ತಿರುಗಿ ಅವರನ್ನೇ ನೋಡುತ್ತಿತ್ತು.

ಗುರುವಾರ ಮಧ್ಯಾಹ್ನ ದೇವಾಲಯದ ಪಕ್ಕದ ಕೋಣೆಯಲ್ಲಿ ಐದು ಮಂದಿ ಹಿರಿಯರು ಬೆಂಚಿನ ಮೇಲೆ ಕೂತಿದ್ದರು. ಊರ ಓಸೋಫೋ ಮೇಜಿನ ಹಿಂದೆ, ಕಾರ್ಯದರ್ಶಿ ನಡಾವಳಿ ಪುಸ್ತಕದ ಹಿಂದೆ. ಬಾಗಿಲ ಪಕ್ಕದಲ್ಲಿ ಮಾವುಸಿ ಕಪ್ಪು ಬಟ್ಟೆಯಲ್ಲಿ ನಿಂತಿದ್ದಳು. ಡೋಟ್ಸೆ ಅವಳಿಂದ ದೂರದಲ್ಲಿ ಗೋಡೆಗೊರಗಿದ್ದ. ಅಫಿಯನ್ನು ಯಾರೂ ಕರೆದಿರಲಿಲ್ಲ. ಅವಳು ಎಲ್ಲರಿಗಿಂತ ಮುಂದೆ ಕೂತಿದ್ದಳು.

ಪ್ರಾರ್ಥನೆಯಾಯಿತು. ಡೋಟ್ಸೆ ತಾನು ಕಂಡದ್ದನ್ನು ಹೇಳಿದ. ಹಿರಿಯರಲ್ಲಿ ವಯಸ್ಸಾದ ಎಂಫಸ್ ಎಂಬವರು ಗಡ್ಡ ನೀವುತ್ತ, "ಗೆಳೆಯ ಗೆಳೆಯನ ಪರ ಹೇಳ್ತಾನೆ. ಚೀಟಿ ಯಾರ ಪರವೂ ಅಲ್ಲ. ಅದನ್ನ ಓದಿ," ಎಂದರು.

ಫಿಲೆಮೋನರು ಎದ್ದರು. ನಾಲ್ಕೂ ಸಾಲನ್ನು ಇಂಗ್ಲಿಷಿನಲ್ಲಿ ಓದಿದರು. ಕೋರ್ಟಿನಲ್ಲಿ ನಿಲ್ಲುತ್ತಿದ್ದಂತೆ ಕೈಗಳನ್ನು ಹಿಂದೆ ಕಟ್ಟಿದರು. ಆಮೇಲೆ ಬಿಟ್ಟರು.

"ತಿರುಗಿಸುವ ಮೊದಲು ಒಂದು ಮಾತು. ಸೋಮವಾರ ಈ ಮೂರನೇ ಸಾಲನ್ನ ನನ್ನ ತಂಗಿಗೆ ಕಟ್ಟುಕತೆ ಅಂತ ತಿರುಗಿಸಿ ಹೇಳ್ದೆ. ಅದು ತಪ್ಪು. ಉಂಗುರ ಕೈಯಾರೆ ಮಾಡಿದ್ದು ಅಂತ ಅದರ ಅರ್ಥ. ಇದು ನನ್ನ ತಪ್ಪು, ಚೀಟಿದಲ್ಲ. ಮಾವುಸಿದಂತೂ ಅಲ್ಲವೇ ಅಲ್ಲ."

ಕೋಣೆಯಲ್ಲಿ ಗುಜುಗುಜು ಎದ್ದಿತು. "ಇದೇನು ಎಫೋ?" ಎಂದಳು ಅಫಿ. "ಸೋಮವಾರ ಒಂದು ಇಂಗ್ಲಿಷು, ಗುರುವಾರ ಒಂದು ಇಂಗ್ಲಿಷಾ? ನಡುವೆ ಸಂತೆಗೆ ಹೋಗಿ ಹೊಸದು ಕೊಂಡ್ಯಾ?"

"ಪದ ಒಂದೇ, ಅಫಿ. ವಕೀಲನ ಬಾಯಲ್ಲಿ ಅದು ಸುಳ್ಳು. ಕಬ್ಬಿಣದವನ ಬಾಯಲ್ಲಿ ಅದು ಕೆಲಸ. ನಾನು ವಕೀಲರ ಜೊತೆ ಬದುಕಿದೆ, ಮಗ ಕಬ್ಬಿಣದ ಜೊತೆ ಬದುಕಿದ. ಬರೆದವನ ಬಾಯಲ್ಲಿ ಏನರ್ಥ ಅಂತ ನೋಡದೆ ನನ್ನ ಬಾಯಿಯ ಅರ್ಥ ಹಾಕಿಬಿಟ್ಟೆ."

"ಒಳ್ಳೇ ಭಾಷೆ!" ಎಂದರು ಎಂಫಸ್. "ಕಳ್ಳನಿಗೂ ಬಡಗಿಗೂ ಒಂದೇ ಟೋಪಿ ಹಾಕಿ ಕೂತಿದೆ. ನಮ್ಮ ಮಾತಲ್ಲಿ ಹಾಗಿದ್ರೆ ಹೆಂಡತಿ ಮನೇಲಿ ನಿಲ್ತಾಳಾ?" ಯಾರೋ ನಕ್ಕರು. ಎಂಫಸ್ ನಗಲಿಲ್ಲ. "ಆದ್ರೂ ತೋಗ್ಬೆ, ನಿಮ್ಮದೇ ಮೊಮ್ಮಗಳು, ನಿಮ್ಮದೇ ಸೊಸೆ. ಇವತ್ತು ಅರ್ಥ ಬದಲಾಯ್ತು ಅಂದ್ರೆ ಊರು ಏನನ್ನುತ್ತೆ?"

"ಅನ್ನಲಿ. ನಾನು ಮೂರು ದಿನ ಅವಳ ಬಗ್ಗೆ ಅಂದ್ಕೊಂಡದ್ದಕ್ಕಿಂತ ಅದು ಹೆಚ್ಚಾಗದು." ಫಿಲೆಮೋನರು ಚೀಟಿಯನ್ನು ಮೇಜಿನ ಮೇಲಿಟ್ಟು ಬೆರಳು ಓಡಿಸಿದರು. "ಕಟ್ಟುಕತೆಯ ಮದುವೆಗೆ ಯಾರೂ ಮೂವತ್ತು ಕುರ್ಚಿ ಬಾಡಿಗೆ ತರಲ್ಲ. ಕೊಂಡದ್ದು, ಬಾಡಿಗೆ, ಮಾಡಿದ್ದು. ವಸ್ತು ಎಲ್ಲಿಂದ ಬಂತು ಅಂತ ಬರೆದ ಪಟ್ಟಿ ಇದು. ಸೋಮವಾರವೂ ಹೀಗೇ ಇತ್ತು. ಕಣ್ಣಿದ್ದೋರಿಗೆ ಕಾಣ್ತಿತ್ತು."

ಅಫಿ ಬಿಡಲಿಲ್ಲ. "ಹಾಗಾದ್ರೆ ಅದು ಚಿನ್ನ ಅಲ್ಲ. ಬಿಳಿ ಚಿನ್ನ ಅಂತ ಆರು ವರ್ಷ ಹೇಳಿದ್ದು ಸುಳ್ಳು! ಅವಳಿಗೂ ಗೊತ್ತಿತ್ತು! ಕೇಳಿ ಅವಳನ್ನ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಮಾವುಸಿ ತಲೆಯೆತ್ತಿದಳು. "ಗೊತ್ತಿತ್ತು ತಾಸಿ. ಮಾಡ್ತಿದ್ದಾಗ ದೀಪ ಹಿಡಿದೋಳು ನಾನೇ. ಫೋಫೋಗೆ ಹೇಳಬೇಡ ಅಂದ್ರು, ಹೇಳ್ಲಿಲ್ಲ. ಆಮೇಲೆ ಅವರೇ ಹೋಗಿಬಿಟ್ರು. ಹೋದೋರ ಮಾತು ಹ್ಯಾಗೆ ಮುರೀಲಿ?"

"ಆ ಸುಳ್ಳು ಹೇಳಿಸ್ಕೊಂಡೋನು ನಾನು," ಎಂದರು ಫಿಲೆಮೋನರು. "ಸಭೆಗೆ ಅವನು ಸುಳ್ಳು ಹೇಳಿಲ್ಲ. ಅಲ್ಲಿಯ ಓಸೋಫೋ ಕೇಳ್ದಾಗ ನನ್ನ ಅಂಗಡಿದು ಅಂದ. ನನಗೆ ಹೇಳಿದ್ದನ್ನ ಕ್ಷಮಿಸೋದೂ ಬಿಡೋದೂ ನನ್ನ ಪಾಲಿನದು. ಅವಳ ಪಾಲಿಗೆ ಅದನ್ನ ಹಾಕಬೇಡಿ."

ಓಸೋಫೋ ಮೇಜಿನ ಮೇಲಿದ್ದ ಸಭೆಯ ನಿಯಮದ ಪುಸ್ತಕವನ್ನು ತೆರೆದು, ಮದುವೆಯ ಪುಟವನ್ನು ಬೆರಳಿಟ್ಟು ಓದಿದರು. ಉಂಗುರ ಎಂದಿತ್ತು, ಯಾವ ಲೋಹದ್ದೆಂದು ಇರಲಿಲ್ಲ. ಎಂಫಸ್ ತೇಮಾಕ್ಕೆ ಬರೆದು ವಿಚಾರಿಸಬೇಕೆಂದರು. ವಿಚಾರಿಸಲಿ, ಆದರೆ ಅದಕ್ಕಾಗಿ ಭಾನುವಾರ ನಿಲ್ಲಬಾರದೆಂದು ಉಳಿದವರು ಹೇಳಿದರು. ಕೈಯೆತ್ತಿದಾಗ ನಾಲ್ಕು ಕೈ ಮೇಲಿತ್ತು. ಎಂಫಸರ ಕೈ ಗಡ್ಡದಲ್ಲೇ ಇತ್ತು.

"ನಡಾವಳೀಲಿ ಹ್ಯಾಗೆ ಬರೀಲಿ, ತೋಗ್ಬೆ?" ಎಂದು ಕಾರ್ಯದರ್ಶಿ ದಾಕ್ಷಿಣ್ಯದಿಂದ ಕೇಳಿದರು. "ಚೀಟಿ ಸ್ಪಷ್ಟವಿರಲಿಲ್ಲ ಅಂತ ಬರೆದ್ರೆ..."

"ಚೀಟಿ ಸ್ಪಷ್ಟವಾಗೇ ಇತ್ತು. ದುಭಾಷಿ ತಪ್ಪು ಮಾಡಿದ ಅಂತ ಬರೀರಿ. ಹೆಸರು ಹಾಕಿ."

ಬರೆದದ್ದನ್ನು ಓದಿ, ಕನ್ನಡಕ ಸರಿಮಾಡಿಕೊಂಡು, ಕೆಳಗೆ ಸಹಿ ಮಾಡಿದರು.

ಹೊರಗೆ ಬಂದಾಗ ಅಫಿ ಮಾವಿನ ಮರದ ಕೆಳಗೆ ನಿಂತಿದ್ದಳು. "ಉಕ್ಕಂತೆ ಉಕ್ಕು," ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಸ್ವಲ್ಪ ಹೊತ್ತಿನ ಮೇಲೆ, "ಕಪ್ಪಾಗಲ್ವಂತಾ ಅದು?" ಎಂದು ಮಾವುಸಿಯನ್ನೇ ಕೇಳಿದಳು. ಇಲ್ಲ ಎಂದಳು ಮಾವುಸಿ. "ನೋಡೋಣ," ಎಂದು ಅಫಿ ತನ್ನ ದಾರಿ ಹಿಡಿದಳು.

ಮಾವ ಸೊಸೆ ಕೆಮ್ಮಣ್ಣಿನ ರಸ್ತೆಯಲ್ಲಿ ನಡೆದರು. ಮಾವುಸಿ ಪದ್ಧತಿಯಂತೆ ಎರಡು ಹೆಜ್ಜೆ ಹಿಂದಿದ್ದಳು.

"ನಾನು ಅಷ್ಟು ಹೆದರಿಸ್ತಿದ್ನೇನಮ್ಮ ಅವನನ್ನ?"

"ಹೆದರಿಕೆ ಅಲ್ಲ ಫೋಫೋ." ಅವಳು ತಡೆದು ತಡೆದು ಹೇಳಿದಳು. "ನೀವು ಕೆಲಸದ ವಿಷಯ ಯಾವತ್ತೂ ಕೇಳ್ತಿರ್ಲಿಲ್ಲ. ಕೇಳಿದ್ರೆ ಹೇಳೋಣ ಅಂತಿದ್ರು. ಪ್ರತಿ ಸಲ ಊರಿಗೆ ಬರೋವಾಗ ಏನಾದ್ರೂ ಒಂದು ತರ್ತಿದ್ರು, ತೋರ್ಸೋಕೆ ಅಂತ. ಒಂದು ಬೀಗ, ಒಂದು ಕೀಲು. ಹಾಗೇ ಚೀಲದಲ್ಲಿ ವಾಪಸ್ ತಗೊಂಡು ಹೋಗ್ತಿದ್ರು."

ಫಿಲೆಮೋನರು ನಿಂತರು. ರಸ್ತೆಯ ಪಕ್ಕದಲ್ಲಿ ಯಾರದೋ ಅಂಗಳದಲ್ಲಿ ಹೆಂಗಸರು ಮರಗೆಣಸಿನ ತರಿಯಾದ ಗರಿಯನ್ನು ಹುರಿಯುತ್ತಿದ್ದರು. ಅದರ ಪಕ್ಕದಲ್ಲಿ ಗೆಣಸಿನ ಹಿಟ್ಟಿನ ಚೀಲವನ್ನು ಒತ್ತಿ ನೀರು ಹಿಂಡುವ ಯಂತ್ರವೊಂದಿತ್ತು, ಹಸಿರು ಬಣ್ಣದ್ದು. ಅದು ವರ್ಷಗಳಿಂದ ಅಲ್ಲಿತ್ತು. ಅವರು ದಿನವೂ ಅದನ್ನು ದಾಟಿ ದೇವಾಲಯಕ್ಕೆ ಹೋಗುತ್ತಿದ್ದರು.

"ಅದು ಅವನದಾ?"

"ಹ್ಞೂ, ಫೋಫೋ. ಮೊದಲನೇದು."

ಅವರು ಬೇಲಿಯ ಹತ್ತಿರ ಹೋದರು. "ಆ ಮೇಲಿನ ಹಲ್ಲಿನ ಚಕ್ರ ಇದೆಯಲ್ಲ," ಎಂದರು, "ಅದನ್ನ ಹ್ಯಾಗೆ ಮಾಡ್ತಿದ್ದ?"

ಮಾವುಸಿ ಮುಂದೆ ಬಂದು ಪಕ್ಕದಲ್ಲಿ ನಿಂತಳು. ಮೊದಲು ತಟ್ಟೆಯಾಕಾರದಲ್ಲಿ ತಗಡು ಕೊಯ್ಯುತ್ತಿದ್ದರು ಎಂದು ಶುರುಮಾಡಿದಳು. ಆಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಿದ್ದರು. ಒಂದೊಂದು ಹಲ್ಲನ್ನೂ ಬೇರೆ ಬೇರೆಯಾಗಿ ಅರ ಹಾಕುತ್ತಿದ್ದರು. ಫಿಲೆಮೋನರು ಒಂದೊಂದು ಮಾತಿಗೂ ತಲೆಯಾಡಿಸುತ್ತ, ತಿಳಿಯದ ಕಡೆ ತಡೆದು ಮತ್ತೆ ಕೇಳುತ್ತ, ನಿಂತೇ ಇದ್ದರು.